ಏಳನೇ ಕ್ಲಾಸಾಯಿತು, ಇನ್ನು?

ನಮ್ಮಮ್ಮ ಓದಿದ್ದು ಏಳನೇ ಕ್ಲಾಸಿನವರೆಗೆ. ಯಾಕೆ ಶಾಲೆ ಬಿಟ್ಟದ್ದು ಅಂತ ಕೇಳಿದರೆ ಬಡತನದ ಮಾತೇ ಎತ್ತುವುದಿಲ್ಲ. ‘ನಡುವೆ ಹೊಳೆ ಇತ್ತಲ್ವಾ’ ಅನ್ನುತ್ತಾರೆ. ಬೆಳ್ತಂಗಡಿ ತಾಲೂಕಿನ ಅವರ ಊರಲ್ಲಿ ಪ್ರಾಥಮಿಕ ಶಾಲೆ ಗುಡ್ಡದ ಬುಡದಲ್ಲೇ ಇತ್ತು. ಹೈಸ್ಕೂಲು ಮಾತ್ರ ಹೊಳೆಯ ಆಚೆ, ಏಳು ಕಿಲೋಮೀಟರ್ ನಡೆಯಬೇಕು. ದಾಟಲಿಕ್ಕೆ ಇದ್ದದ್ದು ಮೂರು ಅಡಿಕೆ ಮರ ಜೋಡಿಸಿ ಬಳ್ಳಿಯಿಂದ ಬಿಗಿದ ಸಂಕ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿ ಹೋಗುತ್ತಿತ್ತು. ನೀರಿಳಿದ ಮೇಲೆ, ದೀಪಾವಳಿ ಹೊತ್ತಿಗೆ, ಊರವರು ಮತ್ತೆ ಹಾಕುತ್ತಿದ್ದರು. ಶಾಲೆ ಶುರುವಾಗುವುದೂ ಜೂನ್‌ನಲ್ಲೇ. ಅಂದರೆ ಎಂಟನೇ ಕ್ಲಾಸಿಗೆ ಸೇರುವ ದಿನವೇ ದಾರಿ ಇರುತ್ತಿರಲಿಲ್ಲ.

ಇವತ್ತು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯವೆಲ್ಲ ನಮ್ಮ ಕಡೆ ನೋಡುತ್ತದೆ. 2024ರಲ್ಲಿ ಉಡುಪಿ ಶೇ. 94 ತೆಗೆದು ಮೊದಲ ಸ್ಥಾನದಲ್ಲಿತ್ತು, ದಕ್ಷಿಣ ಕನ್ನಡ ಶೇ. 92.12 ತೆಗೆದು ಎರಡನೆಯದು. ಓದಿನ ಜಿಲ್ಲೆಗಳು ಅಂತ ಹೆಸರು. ಇಂಥ ಕಡೆ ಹಳ್ಳಿಯ ರೈತನ ಮಗುವಿಗೆ ಹೈಸ್ಕೂಲು ಸಿಗಲಿಕ್ಕೆ ಮಾತ್ರ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅದು ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಇದ್ದದ್ದು ಐಗಳ ಮಠ. ಒಬ್ಬ ಐಗಳು, ಒಂದು ಜಗಲಿ, ನೆಲದ ಮೇಲೆ ಹರಡಿದ ಹೊಯ್ಗೆ, ಅಂದರೆ ಮರಳು. ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಮೇಲೆ ಕೆಲವೇ ವರ್ಷಗಳಲ್ಲಿ ಅಚ್ಚು ಹಾಕಿದ ಪುಸ್ತಕ, ಬೆಂಚು, ಗಂಟೆ ಇರುವ ಶಾಲೆಗಳು ಬಂದವು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಶುರು ಮಾಡಿದರು, ಮುಂದೆ ಕೆನರಾ ಬ್ಯಾಂಕು ಕಟ್ಟಿದವರೂ ಅವರೇ. 1892ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೆ ಏರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವ ಅವರ ಆಸೆಯನ್ನು ನಮ್ಮ ಕಡೆ ಇವತ್ತಿಗೂ ಜನ ನೆನೆಯುತ್ತಾರೆ. ನನಗೆ ಅದನ್ನು ಕೇಳಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಆದರೆ ಇದೆಲ್ಲ ನಡೆದದ್ದು ಮಂಗಳೂರು ಪೇಟೆಯಲ್ಲಿ. ಘಟ್ಟದ ಬುಡದ ಊರಿನಿಂದ ಪೇಟೆಗೆ ಹೋಗಿ ಓದುವುದೆಂದರೆ ಯಾರದಾದರೂ ಮನೆಯಲ್ಲಿ ಉಳಿಯಬೇಕು, ಅಕ್ಕಿ ಕೊಡಬೇಕು, ಫೀಸು ಕಟ್ಟಬೇಕು. ಗೇಣಿದಾರನ ಮಗನಿಗೆ ಅದು ಆಗುವ ಮಾತಲ್ಲ. ಮಗಳ ವಿಷಯ ಕೇಳುವುದೇ ಬೇಡ.

ಹಳ್ಳಿಗೆ ಪ್ರಾಥಮಿಕ ಶಾಲೆ ಬೇಗ ಬಂತು, ಅದಕ್ಕೆ ಕಾರಣ ಅನುದಾನದ ಪದ್ಧತಿ. 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಬ್ರಿಟಿಷರ ಶಿಕ್ಷಣ ನೀತಿಯ ಪತ್ರ ಬಂದ ನಂತರ, ನಿಯಮ ಪಾಲಿಸಿ ಶಾಲೆ ನಡೆಸುವ ಖಾಸಗಿಯವರಿಗೂ ಸರಕಾರ ಸಹಾಯಧನ ಕೊಡಲು ಶುರು ಮಾಡಿತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಗುತ್ತಿನ ಮನೆಯವರು ಅಂದರೆ ಊರಿನ ದೊಡ್ಡ ಮನೆತನದವರು, ಇಗರ್ಜಿಯವರು (ಚರ್ಚಿನವರು), ಕೆಲವು ಕಡೆ ಮಾಸ್ಟ್ರುಗಳೇ ಮುಂದೆ ಬಂದು ಶಾಲೆ ತೆರೆದರು. ‘ಎಯ್ಡೆಡ್ ಶಾಲೆ’, ‘ಶಾಲೆಯ ಮ್ಯಾನೇಜರು’ ಅನ್ನುವ ಮಾತುಗಳು ನಮ್ಮ ಹಳ್ಳಿಗಳಲ್ಲಿ ಅಷ್ಟು ಸಲೀಸಾಗಿ ಓಡಾಡುವುದು ಅದರಿಂದಲೇ. ಇಬ್ಬರು ಮಾಸ್ಟ್ರು, ಒಂದು ಮುಳಿಹುಲ್ಲಿನ ಮಾಡು ಇದ್ದರೆ ಪ್ರಾಥಮಿಕ ಶಾಲೆ ನಡೆಯುತ್ತದೆ. ಹೈಸ್ಕೂಲು ಹಾಗಲ್ಲ. ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು, ಇಂಗ್ಲಿಷಿಗೆ, ಕನ್ನಡಕ್ಕೆ ಬೇರೆ ಬೇರೆ ಜನ ಬೇಕು. ಅವರು ಪದವಿ ಓದಿದವರಾಗಬೇಕು. ಪದವಿ ಓದಿದವರು ಬಂದು ಉಳಿಯಲು ಊರಲ್ಲಿ ಬಾಡಿಗೆಗೆ ಒಂದು ಮನೆಯಾದರೂ ಬೇಕು, ಅಲ್ವಾ? ಹಾಗಾಗಿ ಜಿಲ್ಲಾ ಬೋರ್ಡಿನ ಹೈಸ್ಕೂಲುಗಳು ಹೆಚ್ಚಾಗಿ ಪೇಟೆಗಳನ್ನು ದಾಟಿ ಒಳಗೆ ಬರಲಿಲ್ಲ. ಪುತ್ತೂರಿನಲ್ಲಿ ಸಹಕಾರಿ ಸಂಘಗಳನ್ನು ಕಟ್ಟಿದ ಮೊಳಹಳ್ಳಿ ಶಿವರಾಯರಂಥವರು ಶಾಲೆಗಳಿಗಾಗಿಯೂ ಓಡಾಡಿದರು. ಅಂಥವರು ಎಲ್ಲ ಕಡೆ ಇರಲಿಲ್ಲ.

ಇನ್ನು ಗದ್ದೆ. ಇದನ್ನು ಬಿಟ್ಟು ನಮ್ಮ ಕಡೆಯ ಓದಿನ ಕಥೆ ಹೇಳಲಿಕ್ಕೆ ಆಗುವುದಿಲ್ಲ. ಹೆಚ್ಚಿನವರು ಚಾಲಗೇಣಿಯ ಒಕ್ಕಲುಗಳು. ಧಣಿ ಏಳಿ ಅಂದರೆ ಏಳಬೇಕು. ಗೇಣಿ ಹಣದಲ್ಲಲ್ಲ, ಅಕ್ಕಿಮುಡಿಯಲ್ಲಿ. ಬೈಹುಲ್ಲಿನಲ್ಲಿ ಗುಂಡಗೆ ಬಿಗಿದು ಕಟ್ಟಿದ ಆ ಮುಡಿಗಳು ಧಣಿಯ ಮನೆ ಸೇರಿದ ಮೇಲೆ ಉಳಿದದ್ದರಲ್ಲಿ ವರ್ಷ ಕಳೆಯಬೇಕು. ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಅದೂ ಮುಗಿಯುತ್ತಿತ್ತು. ಏಣೆಲು ಅನ್ನುವ ಮಳೆಗಾಲದ ಭತ್ತದ ಬೆಳೆಗೆ ಉಳುವುದು, ನೇಜಿ (ಭತ್ತದ ಸಸಿ) ತೆಗೆಯುವುದು, ನೆಡುವುದು ಎಲ್ಲ ಜೂನ್, ಜುಲೈನಲ್ಲಿ. ಹನ್ನೆರಡು ಹದಿಮೂರು ವರ್ಷದ ಮಗು ಎಂದರೆ ಗದ್ದೆಯಲ್ಲಿ ಒಂದು ಪೂರ್ತಿ ಆಳು. ಏಳನೇ ಕ್ಲಾಸು ಮುಗಿಯುವ ವಯಸ್ಸೂ ಅದೇ. ಮಳೆ, ಹೊಳೆ, ನೇಜಿ, ಹೊಸ ಕ್ಲಾಸಿನ ಫೀಸು ಎಲ್ಲ ಒಂದೇ ತಿಂಗಳಿಗೆ ಬಂದು ಬೀಳುತ್ತಿದ್ದವು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಸುರಿಯುವ ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ.

ಈ ಕಟ್ಟು ಸಡಿಲವಾದದ್ದು 1974ರಲ್ಲಿ. ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ ಆ ವರ್ಷ ಮಾರ್ಚ್ 1ಕ್ಕೆ ಜಾರಿಗೆ ಬಂತು. ಉಳುವ ಗದ್ದೆ ತಮ್ಮ ಹೆಸರಿಗೆ ಆಗಬೇಕು ಅಂತ ಒಕ್ಕಲುಗಳು ‘ಡಿಕ್ಲರೇಶನ್’ ಅರ್ಜಿ ಕೊಟ್ಟರು. ನನ್ನ ಅಜ್ಜನೂ ಕೊಟ್ಟವರು. ಹೆಬ್ಬೆಟ್ಟು ಒತ್ತಿದ್ದಂತೆ, ಹೆಸರು ಬರೆಯಲು ಬರುತ್ತಿರಲಿಲ್ಲ. ಭೂನ್ಯಾಯ ಮಂಡಳಿಯ ಮುಂದೆ ಎಷ್ಟೋ ಸಲ ಓಡಾಡಿ ಕಡೆಗೆ ಗದ್ದೆ ಅವರ ಹೆಸರಿಗೆ ಆಯಿತು. ಆ ಕಾಗದದಲ್ಲಿ ಏನು ಬರೆದಿದೆ ಅಂತ ಓದಿ ಹೇಳಿದ್ದು ಏಳನೇ ಕ್ಲಾಸು ಓದಿದ್ದ ನಮ್ಮಮ್ಮ. ಓದಿನ ಬೆಲೆ ಏನೆಂದು ಆ ಮನೆಗೆ ಗೊತ್ತಾದದ್ದು ಅವತ್ತೇ ಅಂತ ನಾನು ಅಂದುಕೊಂಡಿದ್ದೇನೆ. ಅಮ್ಮನಿಗೆ ತಡವಾಗಿತ್ತು. ಅವರ ತಮ್ಮನಿಗೆ, ಅಂದರೆ ನನ್ನ ಮಾವನಿಗೆ, ತಡವಾಗಲಿಲ್ಲ.

ಮಾವನ ಫೀಸು ಕಟ್ಟಿದ್ದು ಬೀಡಿ. ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತುವ ಕೆಲಸ. ಲೆಕ್ಕ ಸಾವಿರಕ್ಕೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಲಕ್ಷಾಂತರ ಹೆಂಗಸರು ಜಗಲಿಯಲ್ಲಿ ಕೂತು ಮಾಡಿದ ಕೆಲಸ ಅದು. ಚಿಮಿಣಿ ಬೆಳಕಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು, ಎದುರು ಕೂತು ಮಾವ ಓದುತ್ತಿದ್ದರು. ಒಂದೇ ದೀಪ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಿಂದ ಬಂದ ಮಜೂರಿಯಲ್ಲಿ ಫೀಸು, ಪುಸ್ತಕ, ಕೊಡೆ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂದು, ಆ ನಿಧಿಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನವೂ ಸಿಗುವಂತಾಯಿತು. ಊರಿನ ಹೈಸ್ಕೂಲುಗಳಲ್ಲಿ ದಾನಿಗಳ ಫೋಟೋ ಹಾಕುತ್ತಾರೆ. ಅಲ್ಲಿ ಈ ಅಕ್ಕಂದಿರ ಫೋಟೋ ಇಲ್ಲ. ಇರಬೇಕಿತ್ತು.

ಇನ್ನೊಂದು ಹಣ ಬಂದದ್ದು ಮುಂಬಯಿಯಿಂದ. ಐದನೇ, ಏಳನೇ ಕ್ಲಾಸಿಗೆ ಓದು ನಿಂತ ಹುಡುಗರು ಹೋಟೆಲು ಕೆಲಸಕ್ಕೆ ಹೋದರು. ಹಗಲು ಗ್ಲಾಸು ತೊಳೆದು ರಾತ್ರಿ ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಎಸ್ಸೆಸ್ಸೆಲ್ಸಿ ಮಾಡಿದವರು ಎಷ್ಟೋ ಜನ. ಊರಲ್ಲಿ ಸಿಗದ ಹೈಸ್ಕೂಲನ್ನು ಸಾವಿರ ಕಿಲೋಮೀಟರ್ ಆಚೆ ಹುಡುಕಿಕೊಂಡವರು. ಮುಂದೆ ಸ್ವಂತ ಹೋಟೆಲು ಮಾಡಿದ ಮೇಲೆ, ಊರಿನಿಂದ ರಶೀದಿ ಪುಸ್ತಕ ಹಿಡಿದು ಬಂದವರಿಗೆ ಇಲ್ಲ ಅನ್ನಲಿಲ್ಲ.

ಹಾಗೆ ಊರೇ ಸೇರಿ ಹೈಸ್ಕೂಲು ಕಟ್ಟುವುದು ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಮರೆಯುತ್ತಾ ಬಂದಿದೆ. ಮೊದಲು ಎಂಟನೇ ಕ್ಲಾಸು ಮಾತ್ರ ಶುರು. ಭಜನಾ ಮಂದಿರವೋ ಯುವಕ ಮಂಡಲದ ಕೋಣೆಯೋ ಸಾಕು. ಮರುವರ್ಷ ಒಂಬತ್ತು, ಅದರ ಮರುವರ್ಷ ಹತ್ತು. ಅಷ್ಟರೊಳಗೆ ಜಾಗ ಆಗಬೇಕು. ಯಾರಾದರೂ ದಾನಪತ್ರ ಮಾಡಿಕೊಡಬೇಕು, ಇಲ್ಲವೇ ಸರಕಾರಿ ಗುಡ್ಡ ಮಂಜೂರು ಆಗಬೇಕು. ಗುಡ್ಡ ಅಂದ ಕೂಡಲೇ ಕುಮ್ಕಿಯ ತಕರಾರು ಬರುತ್ತದೆ. ಪಕ್ಕದ ವರ್ಗ ಜಾಗದವರು (ಸ್ವಂತ ಪಟ್ಟಾ ಜಾಗ ಇರುವವರು) ಸೊಪ್ಪು, ಸೌದೆಗೆ ಬಳಸಿಕೊಂಡು ಬಂದ ಜಾಗ ಅದು, ಅವರನ್ನು ಒಪ್ಪಿಸಬೇಕು. ಸರ್ವೆ, ನಕ್ಷೆ, ಪಹಣಿಯಲ್ಲಿ ಶಾಲೆಯ ಹೆಸರು. ಇದಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ. ಆಮೇಲೆ ಕಟ್ಟಡ ಸಮಿತಿ. ಅದೇ ಗುಡ್ಡದಿಂದ ಕಡಿದ ಮುರಕಲ್ಲು (ಕೆಂಪು ಕಲ್ಲು), ಹೊಳೆಯ ಹೊಯ್ಗೆ, ಮಂಗಳೂರು ಹಂಚು. ಆದಿತ್ಯವಾರ ಶ್ರಮದಾನ. ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸುವುದು. ಮನೆಗೆ ಇಷ್ಟು ತೆಂಗಿನಕಾಯಿ ಅಂತ ಲೆಕ್ಕ. ದುಡ್ಡು ಸಾಲದೆ ಬಂದರೆ ‘ಶಾಲೆಯ ಸಹಾಯಾರ್ಥ’ ರಾತ್ರಿ ಪೂರ್ತಿ ಯಕ್ಷಗಾನ, ಟಿಕೆಟು ಇಟ್ಟು.

ನಮ್ಮ ಹತ್ತಿರದ ಒಂದು ಶಾಲೆಯ ಜಗಲಿಯಲ್ಲಿ ಹಳೆಯ ದಾನಿಗಳ ಪಟ್ಟಿ ಇದೆ. ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು. ಮೇಲೆ ಸಾವಿರ ಕೊಟ್ಟವರು, ಕೆಳಗೆ ಬಂದಂತೆ ನೂರು, ಇಪ್ಪತ್ತೈದು, ಐದು. ಕೊನೆಯ ಸಾಲಿನಲ್ಲಿ ಮೊತ್ತವೇ ಇಲ್ಲ. ಹೆಸರಿನ ಮುಂದೆ ‘ಕಲ್ಲು ಕೆತ್ತಿದ್ದು, 12 ದಿನ’ ಅಂತ ಇದೆ. ಅದನ್ನು ಬರೆಸಿದ ಸಮಿತಿಯವರ ಮೇಲೆ ನನಗೆ ದೊಡ್ಡ ಗೌರವ.

ಆದರೆ ಗೋಡೆ ಎದ್ದರೆ ಶಾಲೆ ಆಗುವುದಿಲ್ಲ. ಕಟ್ಟಡಕ್ಕೆ ಊರು ಸಾಕು, ಮಾಸ್ಟ್ರಿಗೆ ಸರಕಾರವೇ ಬೇಕು. ಹುದ್ದೆ ಮಂಜೂರಾಗುವವರೆಗೆ ಸಮಿತಿಯೇ ಕೈಯಿಂದ ಸಂಬಳ ಕೊಡಬೇಕು. ಎಷ್ಟೋ ಕಡೆ ಊರಿನ ಓದಿದ ಹೆಣ್ಣುಮಕ್ಕಳು ಗೌರವಧನಕ್ಕೆ ಪಾಠ ಮಾಡಿದರು. ನಡೆಯದೆ ಹೋದ ಹೈಸ್ಕೂಲುಗಳು ಹೆಚ್ಚಾಗಿ ಸೋತದ್ದು ಇಲ್ಲೇ, ಕಲ್ಲು ಹಂಚಿನಲ್ಲಿ ಅಲ್ಲ. ನನ್ನ ಕೇಳಿದರೆ ಇವತ್ತಿಗೂ ಕಷ್ಟದ ಭಾಗ ಇದೇ. ದಾನಿಗಳು ಕೊಠಡಿ ಕಟ್ಟಿಸಿ ಹೆಸರು ಹಾಕಿಸಿಕೊಳ್ಳುತ್ತಾರೆ. ಗಣಿತದ ಹುದ್ದೆ ಖಾಲಿ ಇರುವ ಕೊಠಡಿಯಿಂದ ಮಗುವಿಗೆ ಏನು ಸಿಗುತ್ತದೆ?

ಸರಕಾರದ ಕಡೆಯಿಂದ ದೊಡ್ಡ ಹೆಜ್ಜೆಗಳು ಬಂದದ್ದು ಈ ಶತಮಾನದಲ್ಲಿ. 2006ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಶುರುವಾಯಿತು. ನಮ್ಮ ಏರುದಾರಿಗಳಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಜಾಸ್ತಿ, ಆದರೂ ಹುಡುಗಿಯರಿಗೆ ಅದು ದೊಡ್ಡ ಧೈರ್ಯ ಕೊಟ್ಟಿತು. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂತು. 2009ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಶುರುವಾಗಿ, 5 ಕಿಲೋಮೀಟರ್ ಒಳಗೆ ಒಂದು ಹೈಸ್ಕೂಲು ಇರಬೇಕು ಅನ್ನುವ ಗುರಿ ಇಟ್ಟಿತು. ಹಲವು ಪ್ರಾಥಮಿಕ ಶಾಲೆಗಳಿಗೆ ಎಂಟು, ಒಂಬತ್ತು, ಹತ್ತು ಸೇರಿಕೊಂಡವು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆ ಮಾತ್ರ 14 ವರ್ಷಕ್ಕೆ ನಿಂತಿತು. ಎಂಟನೇ ಕ್ಲಾಸಿನವರೆಗೆ ಹಕ್ಕು, ಅದರ ಮೇಲಿನದು ಯೋಜನೆ. ಎರಡಕ್ಕೂ ವ್ಯತ್ಯಾಸ ಇದೆ. ಯೋಜನೆಯನ್ನು ಕೋರ್ಟಿನಲ್ಲಿ ಕೇಳಲಿಕ್ಕೆ ಬರುವುದಿಲ್ಲ.

ಇಷ್ಟೆಲ್ಲ ನಡೆಯುವಾಗಲೇ ನೇತ್ರಾವತಿಯ ದಡದ ಹರೇಕಳದಲ್ಲಿ ಹಾಜಬ್ಬ ಅವರು ಇದ್ದರು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾಗದೆ ನಿಂತ ಆ ಹೊತ್ತು ಅವರನ್ನು ಬಿಡಲಿಲ್ಲ. ಕಿತ್ತಳೆ ಮಾರಿ ಉಳಿಸಿದ ದುಡ್ಡು, ದಾನಿಗಳ ಬಾಗಿಲು, ಸರಕಾರಿ ಕಚೇರಿಗಳ ಮೆಟ್ಟಿಲು. ಮದರಸದ ಕೋಣೆಯಲ್ಲಿ ಶುರುವಾದ ಶಾಲೆ ನ್ಯೂಪಡ್ಪುವಿನಲ್ಲಿ ಸ್ವಂತ ಜಾಗಕ್ಕೆ ಬಂತು, ಪ್ರಾಥಮಿಕ ಆಯಿತು, ಹೈಸ್ಕೂಲೂ ಆಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆ ಆದಾಗ ನಮ್ಮ ಕಡೆ ಎಲ್ಲರಿಗೂ ತಮ್ಮ ಮನೆಗೇ ಬಂದಷ್ಟು ಖುಷಿ. ಪ್ರಶಸ್ತಿ ಬಂದ ಮೇಲೂ ಅವರು ಕೇಳಿದ್ದು ತಮ್ಮ ಊರಿಗೆ ಒಂದು ಪಿಯು ಕಾಲೇಜು.

ಹೊಳೆಗಳು ಪೂರ್ತಿ ಮುಗಿದಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ಕ್ಲಾಸಿನ ಮಗು ಕಾಲುಸಂಕದಿಂದ ಜಾರಿ ನೀರುಪಾಲಾಯಿತು. ಸುದ್ದಿ ಓದಿದ ದಿನ ಅಮ್ಮ ಊಟ ಮಾಡಲಿಲ್ಲ.

ಅಮ್ಮನ ಊರಿಗೆ ಈಗ ಸೇತುವೆ ಬಂದಿದೆ. ಗುಡ್ಡದ ಬುಡದ ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಇದೆ. ಈ ಸಲ ನೆರೆಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳ ಅಮ್ಮನೂ ಬೀಡಿ ಕಟ್ಟುವವರು. ಪಿಯು ಕಾಲೇಜು ಇರುವುದು ತಾಲೂಕು ಪೇಟೆಯಲ್ಲಿ. ಆ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಕೆಎಸ್ಸಾರ್ಟಿಸಿ ಪಾಸು ನಡೆಯುವುದಿಲ್ಲ. ಮಿಠಾಯಿ ಹಿಡಿದುಕೊಂಡು ಮನೆಗೆ ಬಂದವಳನ್ನು ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಎಷ್ಟು ಮಾರ್ಕು ಅಂತ ಕೇಳಲಿಲ್ಲ.

‘ಬೆಳಿಗ್ಗೆ ಬಸ್ಸು ಎಷ್ಟು ಗಂಟೆಗೆ ಮಗಾ?’ ಅಂದರು.