ಹೆಸರನ್ನು ಅವರ ಬಾಯಿಂದಲೇ ಕೇಳಿ

ನಮ್ಮ ಕರಾವಳಿಯ ಯಾವುದೇ ಆಸ್ಪತ್ರೆಯ ಗಂಡಸರ ವಾರ್ಡಿಗೆ ಹೋಗಿ "ಗಣಪತಿ ನಾಯ್ಕ" ಅಂತ ಕೂಗಿ ನೋಡಿ. ಎರಡು ತಲೆಯಾದರೂ ಏಳುತ್ತವೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಅದೇ ಗಣಪತಿಗೆ ಹೆಗಡೆಯೋ ಭಟ್ಟೋ ಸೇರುತ್ತದೆ, ಅಷ್ಟೇ. ಇಡಗುಂಜಿಯ ದೇವರ ಮೇಲಿನ ಭಕ್ತಿಯಿಂದ ಇಟ್ಟ ಹೆಸರು. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಮನೆ, ಕೇರಿ ಹೇಳಿ ಗುರುತು ಹಿಡಿಯುತ್ತೇವೆ. ವಾರ್ಡಿನಲ್ಲಿ ಮಾತ್ರ ಇದು ಜೀವಕ್ಕೇ ಕುತ್ತು ತರಬಹುದು.

ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು ಹೇಳುತ್ತೇನೆ. ಜುಲೈ ತಿಂಗಳು, ವಾರ್ಡ್ ತುಂಬಿತ್ತು. ಬೆಡ್ 7ರಲ್ಲಿ ಸಕ್ಕರೆ ಕಾಯಿಲೆಯ ಗಣಪತಿ ನಾಯ್ಕರು ಇದ್ದರು. ಸಂಜೆ ಕಿಟಕಿಯಿಂದ ಇರಚಲು ಬಡಿಯಿತು ಅಂತ ಅವರನ್ನು ಬೆಡ್ 9ಕ್ಕೆ ಕಳಿಸಿದ್ದಾರೆ. ರಾತ್ರಿ ಮಳೆ ಕಡಿಮೆಯಾದ ಮೇಲೆ ಇಲಿಜ್ವರದ ಇನ್ನೊಬ್ಬರು ಬಂದು 7ರಲ್ಲಿ ಮಲಗಿದ್ದಾರೆ. ಅವರೂ ಗಣಪತಿ ನಾಯ್ಕರೇ. ಬೆಡ್ ಬದಲಾದ ವಿಷಯ ಬೆಳಗಿನ ಡ್ಯೂಟಿಯ ನನಗೆ ಯಾರೂ ಹೇಳಿರಲಿಲ್ಲ.

ತಿಂಡಿಗೆ ಮುಂಚೆ ಕೊಡುವ ಇನ್ಸುಲಿನ್ ಸಿರಿಂಜಿಗೆ ಎಳೆದುಕೊಂಡು ಹೋದೆ. "ಗಣಪತಿ ನಾಯ್ಕರು ಅಲ್ವಾ?" ಅಂದೆ. ಜ್ವರದಲ್ಲಿ ಕಣ್ಣು ಬಿಡದೆ "ಹೂಂ" ಅಂದರು. ಸ್ಪಿರಿಟ್ ಹತ್ತಿಯಿಂದ ಹೊಟ್ಟೆ ಒರೆಸಿದ್ದೂ ಆಯಿತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಮೆಲ್ಲಗೆ ಕೇಳಿದರು: "ಇದು ಎಂತದ್ದು ಸಿಸ್ಟರೇ? ಹೊಟ್ಟೆಗೆ ಯಾಕೆ? ಇವರಿಗೆ ಶುಗರ್ ಇಲ್ಲ."

ಕೈ ಅಲ್ಲೇ ನಿಂತಿತು. ಮೂರು ದಿನದಿಂದ ಸರಿಯಾಗಿ ಊಟ ಮಾಡದ ಮನುಷ್ಯ. ಆ ಇನ್ಸುಲಿನ್ ಒಳಗೆ ಹೋಗಿದ್ದರೆ ರಕ್ತದ ಸಕ್ಕರೆ ಪೂರ್ತಿ ಇಳಿದು ಎಚ್ಚರ ತಪ್ಪುತ್ತಿದ್ದರು. ಜ್ವರದ ಸುಸ್ತು, ನಿದ್ದೆ ಮಾಡುತ್ತಿದ್ದಾರೆ ಅಂತ ನಾವೂ ಅಂದುಕೊಳ್ಳುತ್ತಿದ್ದೆವು. ಆ ತಾಯಿಯ ಮುಖ ಇವತ್ತಿಗೂ ಕಣ್ಣಮುಂದಿದೆ.

ನಾನು ಕೇಳಿದ ಪ್ರಶ್ನೆಯಲ್ಲೇ ತಪ್ಪಿತ್ತು. ಉತ್ತರವನ್ನು ನಾನೇ ಕೊಟ್ಟು, ಅವರಿಂದ ಬರೀ ತಲೆ ಆಡಿಸಿಕೊಂಡೆ. ನಮ್ಮ ಹಿರಿಯರು ಸಿಸ್ಟರ್ ಏನು ಕೇಳಿದರೂ ಮರ್ಯಾದೆಗೆ ಹೌದು ಅಂತಾರೆ. ಕಿವಿ ಕೇಳದವರೂ ಹೌದು ಅಂತಾರೆ. ಕಾರವಾರದ ಕಡೆ ಕೊಂಕಣಿ ಮಾತ್ರ ಬರುವ ಅಜ್ಜಿಯಂದಿರು ನಗುತ್ತಾ ಹೌದು ಅಂತಾರೆ. "ನಿಮ್ಮ ಹೆಸರು ಹೇಳಿ" ಅಂದರೆ ತಲೆ ಆಡಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಬಾಯಿ ಬಿಡಲೇಬೇಕು.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಿಗಳ ಸುರಕ್ಷತೆಗೆ ಒಂಬತ್ತು ಪರಿಹಾರಗಳನ್ನು ಪ್ರಕಟಿಸಿತು. ರೋಗಿಯ ಗುರುತು ಅದರಲ್ಲಿ ಒಂದು. ಕನಿಷ್ಠ ಎರಡು ಗುರುತು ನೋಡಬೇಕು, ರೂಮ್ ನಂಬರ್ ಅದರಲ್ಲಿ ಲೆಕ್ಕಕ್ಕಿಲ್ಲ ಅನ್ನುತ್ತದೆ ಅದು. ನಮ್ಮಲ್ಲಿ ಈಗಲೂ ಬಾಯಿಗೆ ಬರುವುದು "ಬೆಡ್ 7ಕ್ಕೆ ಇಂಜೆಕ್ಷನ್ ಆಯ್ತಾ?" ಅನ್ನೋದೇ. ಬೆಡ್‌ಗೆ ಕಾಯಿಲೆ ಇರುವುದಿಲ್ಲ. ಎರಡನೇ ಗುರುತಾಗಿ ಹುಟ್ಟಿದ ತಾರೀಖು ಕೇಳಿ ಅಂತ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಇಲ್ಲಿಯ ವಯಸ್ಸಾದವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತಿಲ್ಲ. ಹಾಗಾಗಿ ನಾನು ಹೆಸರು, ಅಪ್ಪನದೋ ಗಂಡನದೋ ಹೆಸರು, ಊರು ಕೇಳುತ್ತೇನೆ. ಆಮೇಲೆ ಕೈಪಟ್ಟಿಯ ಐಪಿ ನಂಬರನ್ನು, ಅಂದರೆ ಒಳರೋಗಿಯಾಗಿ ದಾಖಲಾದಾಗ ಕೊಡುವ ನಂಬರನ್ನು, ಕೇಸ್ ಶೀಟಿನ ಜೊತೆ ಹೋಲಿಸುತ್ತೇನೆ. ಒಂದೇ ಹೆಸರಿನ ಇಬ್ಬರಿದ್ದರೆ ಎರಡೂ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ "ಇದೇ ಹೆಸರಿನವರು ಇನ್ನೊಬ್ಬರಿದ್ದಾರೆ" ಅಂತ ಬರೆಸುತ್ತೇನೆ.

ಡ್ಯೂಟಿ ಬದಲಾಗುವ ಹೊತ್ತೂ ಅಷ್ಟೇ ಅಪಾಯದ್ದು. ರಾತ್ರಿಯಿಡೀ ನಿಂತವರಿಗೆ ಬಸ್ ತಪ್ಪುವ ಗಡಿಬಿಡಿ, ಬಂದವರಿಗೆ ಕೆಲಸ ಶುರು ಮಾಡುವ ಅವಸರ. ಟೇಬಲ್ ಹತ್ತಿರ ನಿಂತು ರಿಜಿಸ್ಟರ್ ಓದಿ ಮುಗಿಸಿಬಿಡುತ್ತಾರೆ. ನನ್ನ ವಾರ್ಡಿನಲ್ಲಿ ಇಬ್ಬರೂ ಮಂಚದಿಂದ ಮಂಚಕ್ಕೆ ಹೋಗಬೇಕು. ರೋಗಿಯ ಎದುರೇ ಮಾತಾಡಬೇಕು: ಯಾರು, ಯಾಕೆ ಬಂದರು, ರಾತ್ರಿ ಏನು ಬದಲಾಯಿತು, ಏನು ಬಾಕಿ ಇದೆ. ಸಲೈನ್ ಎಷ್ಟು ಉಳಿದಿದೆ, ಸೂಜಿ ಹಾಕಿದ ಕೈ ಊದಿದೆಯಾ ಅನ್ನೋದು ಕಣ್ಣಿಗೇ ಬೀಳುತ್ತದೆ. ಮನೆಯವರು ನಡುವೆ "ರಾತ್ರಿ ವಾಂತಿ ಆಯ್ತು" ಅಂತ ಸೇರಿಸುತ್ತಾರೆ. ಎಷ್ಟೋ ಸಲ ಅದು ಎಲ್ಲೂ ಬರೆದಿರುವುದಿಲ್ಲ.

ಇನ್ಸುಲಿನ್ ವಿಷಯ ಬಂದ ಮೇಲೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಮನೆಯಲ್ಲಿ ಚುಚ್ಚಿಕೊಳ್ಳುವವರೂ ಬಾಟಲಿ, ಸಿರಿಂಜ್ ಎರಡರ ಮೇಲಿನ ಅಂಕೆ ಓದಿಯೇ ಎಳೆಯಬೇಕು.

ರಾತ್ರಿ ಡಾಕ್ಟರು ಫೋನಿನಲ್ಲಿ ಹೇಳುವ ಡೋಸ್ ಕೂಡ ಹೀಗೇ. ಫಿಫ್ಟೀನ್, ಫಿಫ್ಟಿ ಎರಡೂ ನಮ್ಮ ನೆಟ್‌ವರ್ಕಿನಲ್ಲಿ ಒಂದೇ ಥರ ಕೇಳುತ್ತವೆ. ಬರೆದುಕೊಂಡು "ಒಂದು, ಐದು, ಹದಿನೈದು ಅಲ್ವಾ ಸರ್?" ಅಂತ ಓದಿ ಹೇಳಿ. ಡಾಕ್ಟರು ಬೈದರೂ ಪರವಾಗಿಲ್ಲ.

ಆ ದಿನ ನಾನು ಅಳುತ್ತಾ ಹೋಗಿ ಹೇಳಿದಾಗ ನಮ್ಮ ಇನ್‌ಚಾರ್ಜ್ ಸಿಸ್ಟರ್ ಗದರಲಿಲ್ಲ. "ಕೂರು, ಏನೇನಾಯ್ತು ಬರಿ" ಅಂದರು. ಬರೆದಾಗಲೇ ಬೆಡ್ ಬದಲಾದದ್ದು, ಅದನ್ನು ಯಾರೂ ಹೇಳದೇ ಇದ್ದದ್ದು ಎಲ್ಲ ಹೊರಗೆ ಬಂತು. ಬೈದಿದ್ದರೆ ಮುಂದಿನ ಸಲ ಮುಚ್ಚಿಡುತ್ತಿದ್ದೆ. ಈಗ ಆ ಜಾಗದಲ್ಲಿ ನಾನಿದ್ದೇನೆ. ಹುಡುಗಿಯರು ಬಂದು "ಅಕ್ಕಾ, ಇವತ್ತು ಸ್ವಲ್ಪದರಲ್ಲಿ ತಪ್ಪಿತು" ಅಂದರೆ ಮೊದಲು ಥ್ಯಾಂಕ್ಸ್ ಹೇಳುತ್ತೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋದು ಹಳೆಯ ಕೂಗು. ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವವರನ್ನು ನೋಡಿ ನೋಡಿ ನನಗೂ ಸಾಕಾಗಿದೆ. ಅದು ಬರಲಿ. ಹೆಸರು ಕೇಳೋದಕ್ಕೆ ಕಟ್ಟಡ ಏಳುವ ತನಕ ಕಾಯಬೇಕಾಗಿಲ್ಲ ಅಲ್ವಾ?

ರೋಗಿಯ ಜೊತೆ ಕೂರುವವರಿಗೆ ಒಂದು ವಿನಂತಿ. ಪ್ರತಿ ಸೂಜಿಗೂ, ಪ್ರತಿ ಹೊಸ ಮಾತ್ರೆಗೂ "ಇದು ಯಾವುದಕ್ಕೆ?" ಅಂತ ಕೇಳಿ. ಸಿಸ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ನೆ ಇರಬೇಡಿ. ಮೈ ಒರೆಸುವಾಗ ಒದ್ದೆಯಾಯಿತು ಅಂತ ಕೈಪಟ್ಟಿ ಕತ್ತರಿಸಿ ಬಿಸಾಡಬೇಡಿ. ತುರಿಸಿದರೆ ನಮಗೆ ಹೇಳಿ, ಇನ್ನೊಂದು ಕೈಗೆ ಹೊಸದು ಕಟ್ಟುತ್ತೇವೆ.