ವಡಾಪಾವ್‌ಗೆ ಬೈಯುವ ಮುಂಚೆ

ಮುಂಬೈ ಕಡೆ ಡೊಂಬಿವಲಿಯಿಂದ ಮಾಟುಂಗಾದವರೆಗೆ ನಮ್ಮ ಕನ್ನಡದವರ ಮನೆಗಳಲ್ಲಿ ಮಗು ಹೊಟ್ಟೆನೋವು ಅಂದರೆ ಮೊದಲು ಬೈಸಿಕೊಳ್ಳುವುದು ವಡಾಪಾವ್. ಆಮೇಲೆ ಓಮದ ನೀರು, ಮಜ್ಜಿಗೆ. ಅದಕ್ಕೂ ಬಗ್ಗದಿದ್ದರೆ ಬಿಲ್ಡಿಂಗ್ ಕೆಳಗಿನ ಮೆಡಿಕಲ್‌ನಿಂದ ಆಸಿಡಿಟಿ ಮಾತ್ರೆ. ಹೆಚ್ಚಿನ ಸಲ ಅಲ್ಲಿಗೆ ಮುಗಿಯುತ್ತದೆ. ಮಕ್ಕಳಿಗೆ ನಿಜವಾಗಿ ಹುಣ್ಣೇ ಆಗಿದ್ದರೂ ಕಾರಣ ಸಾಮಾನ್ಯವಾಗಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆ. ತೀರಾ ಅಪರೂಪಕ್ಕೆ ಮಾತ್ರ ತಪ್ಪು ಹೊಟ್ಟೆಯದ್ದಾಗಿರುವುದಿಲ್ಲ. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ)ನಲ್ಲೋ ಸಣ್ಣ ಕರುಳಿನ ಮೊದಲ ಭಾಗದಲ್ಲೋ ಕೂತ ಒಂದು ಪುಟ್ಟ ಗಡ್ಡೆ ಗ್ಯಾಸ್ಟ್ರಿನ್ ಎಂಬ ಹಾರ್ಮೋನ್ ಸುರಿಸುತ್ತಿರುತ್ತದೆ. ಹೊಟ್ಟೆ ಪಾಪ, ಆ ಮಾತು ಕೇಳಿ ಆಸಿಡ್ ಸುರಿಸುತ್ತದೆ.

ಹೊಟ್ಟೆಯ, ಅಂದರೆ ಜಠರದ, ಕೆಳತುದಿಯಲ್ಲಿ ಇಂಥದ್ದೊಂದು ವಸ್ತು ಇದೆ ಎಂದು ಇಂಗ್ಲೆಂಡಿನ ಜಾನ್ ಎಡ್ಕಿನ್ಸ್ 1905ರಲ್ಲೇ ಹೇಳಿದ್ದರು. ದಶಕಗಳ ಕಾಲ ಹಲವರು ನಂಬಲಿಲ್ಲ. 1955ರಲ್ಲಿ ಅಮೆರಿಕದ ಒಹಾಯೋದ ಸರ್ಜನ್‌ಗಳಾದ ರಾಬರ್ಟ್ ಝೋಲಿಂಜರ್ ಮತ್ತು ಎಡ್ವಿನ್ ಎಲಿಸನ್ ಇಬ್ಬರು ರೋಗಿಗಳ ಕತೆ ಮುಂದಿಟ್ಟರು. ಇಬ್ಬರೂ ಹೆಂಗಸರು, ಒಬ್ಬರಿಗೆ 36, ಇನ್ನೊಬ್ಬಳಿಗೆ ಬರೀ 19 ವರ್ಷ. ಆಪರೇಷನ್ ಮೇಲೆ ಆಪರೇಷನ್ ಮಾಡಿದರೂ ಹುಣ್ಣು ಮರಳುತ್ತಿತ್ತು, ಅದೂ ಸಾಮಾನ್ಯವಾಗಿ ಹುಣ್ಣು ಆಗದ ಕರುಳಿನ ಭಾಗದಲ್ಲಿ. ಇಬ್ಬರ ಪ್ಯಾಂಕ್ರಿಯಾಸ್‌ನಲ್ಲೂ ಗಡ್ಡೆ ಇತ್ತು. ಹಾರ್ಮೋನ್ ಕೆಲಸ ಇದು ಎಂದು ಅವರು ಊಹಿಸಿದರು. ಲಿವರ್‌ಪೂಲ್‌ನ ರಾಡ್ ಗ್ರೆಗರಿ ಮತ್ತು ಹಿಲ್ಡಾ ಟ್ರೇಸಿ 1964ರಲ್ಲಿ ಹಂದಿಯ ಹೊಟ್ಟೆಯಿಂದ ಗ್ಯಾಸ್ಟ್ರಿನ್ ಬೇರ್ಪಡಿಸಿ ತೋರಿಸಿದ ಮೇಲೆ ವಾದ ನಿಂತಿತು.

ಆಗಿನ ಚಿಕಿತ್ಸೆ ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಡ್ಡೆ ಹುಡುಕುವುದು ಕಷ್ಟ, ಆದ್ದರಿಂದ ಇಡೀ ಹೊಟ್ಟೆಯನ್ನೇ ತೆಗೆಯುತ್ತಿದ್ದರು. ಮಕ್ಕಳಿಗೂ ಅಷ್ಟೇ. ಹೊಟ್ಟೆಯೇ ಇಲ್ಲದ ಮಗು ದಿನವಿಡೀ ತುತ್ತು ತುತ್ತಾಗಿ ತಿನ್ನಬೇಕು, ಜೀವನಪೂರ್ತಿ ಬಿ12 ಇಂಜೆಕ್ಷನ್ ಬೇರೆ. 1970ರ ದಶಕದಲ್ಲಿ ಸಿಮೆಟಿಡಿನ್, ಹತ್ತು ಹನ್ನೆರಡು ವರ್ಷದಲ್ಲಿ ಒಮೆಪ್ರಜೋಲ್ ಎಂಬ ಆಸಿಡ್ ತಗ್ಗಿಸುವ ಮಾತ್ರೆಗಳು ಬಂದವು. ಹೊಟ್ಟೆ ಉಳಿಯಿತು.

ಆದರೆ ಉಳಿಸಿದ ಮಾತ್ರೆಯೇ ಈಗ ರೋಗವನ್ನು ಮರೆಮಾಡುತ್ತದೆ, ವಿಚಿತ್ರ ಅಲ್ವಾ? ಆಸಿಡ್ ತಗ್ಗಿದರೆ ನೋವೂ ತಗ್ಗುತ್ತದೆ, ಗಡ್ಡೆ ಅಲ್ಲೇ ಇರುತ್ತದೆ. ಮೇಲಾಗಿ ಒಮೆಪ್ರಜೋಲ್ ಜಾತಿಯ ಮಾತ್ರೆಗಳು ತಾವೇ ರಕ್ತದ ಗ್ಯಾಸ್ಟ್ರಿನ್ ಏರಿಸುತ್ತವೆ, ಹಾಗಾಗಿ ಟೆಸ್ಟ್ ದಾರಿ ತಪ್ಪಿಸುತ್ತದೆ. ಹಾಗಂತ ಮನೆಯಲ್ಲೇ ಮಾತ್ರೆ ನಿಲ್ಲಿಸಬಾರದು. ನಿಜಕ್ಕೂ ಈ ಗಡ್ಡೆ ಇದ್ದವರಿಗೆ ಹುಣ್ಣಿನಿಂದ ರಕ್ತ ಹೋಗುವ, ಕರುಳು ತೂತಾಗುವ ಅಪಾಯ ಇದೆ.

ಅನುಮಾನ ಬರಬೇಕಾದ ಸುಳಿವುಗಳು ಬೇರೆ. ಚಿಕಿತ್ಸೆ ನಿಂತ ಕೂಡಲೇ ಮರಳುವ ಹುಣ್ಣು. ವಾರಗಟ್ಟಲೆ ನಿಲ್ಲದ ಭೇದಿ, ಯಾಕೆಂದರೆ ಜಾಸ್ತಿ ಆಸಿಡ್ ಕೊಬ್ಬು ಕರಗಿಸುವ ಕಿಣ್ವವನ್ನೇ ಕೆಡಿಸುತ್ತದೆ. ಇಂಥ ಮಗುವಿಗೆ ಇನ್ನೊಂದು ವಡಾಪಾವ್ ಭಾಷಣ ಬೇಡ, ಎಂಡೋಸ್ಕೋಪಿ ಮಾಡುವ ಮಕ್ಕಳ ಡಾಕ್ಟರ್ ಬೇಕು. ಮುಂಬೈಯವರಿಗೆ ಪರೇಲ್ ಇದೆ: ವಾಡಿಯಾ ಮಕ್ಕಳ ಆಸ್ಪತ್ರೆ, ಕೆಇಎಂ, ಟಾಟಾ ಮೆಮೋರಿಯಲ್, ಮೂರೂ ನಡೆದು ಹೋಗುವಷ್ಟು ಹತ್ತಿರ.

ಡಾಕ್ಟರ್ ಕೇಳಬಹುದಾದ ಒಂದು ಪ್ರಶ್ನೆಗೆ ಮೊದಲೇ ತಯಾರಾಗಿ: ಮನೆತನದಲ್ಲಿ ಯಾರಿಗೆ ಏನಿತ್ತು? ಈ ಗಡ್ಡೆ ಇರುವ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ವಂಶದಲ್ಲಿ ಬರುವ ಎಂಇಎನ್-1 ಎಂಬ ದೋಷದ ಭಾಗವಾಗಿರುತ್ತದೆ. ಅದರ ಜೀನ್ ಸಿಕ್ಕಿದ್ದು 1997ರಲ್ಲಿ. ಅಂಥ ಮನೆಯಲ್ಲಿ ಹಿರಿಯರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕಲ್ಲು ಆಗಿರಬಹುದು. ನಮ್ಮಲ್ಲಿ ಅಜ್ಜ ಉಡುಪಿಯಲ್ಲಿ, ದೊಡ್ಡಪ್ಪ ಕುಂದಾಪುರದಲ್ಲಿ, ಮೊಮ್ಮಗ ಮುಲುಂಡ್‌ನಲ್ಲಿ. ಪರೇಲ್‌ಗೆ ಹೊರಡುವ ಮುಂಚೆ ಊರಿಗೊಂದು ಫೋನ್ ಮಾಡಿ, ಯಾರ್‍ಯಾರಿಗೆ ಕಲ್ಲು, ಯಾರ್‍ಯಾರಿಗೆ ಹುಣ್ಣು ಅಂತ ಬರೆದುಕೊಂಡು ಹೋಗಿ.