ಕೆಮ್ಮಣ್ಣಿನ ಹಿಡಿತ ಸಡಿಲಿಸುವ ಗಡಸು ನೀರು

ಕೋಲಾರದ ಕಡೆ ಬೋರ್‌ವೆಲ್ ನೀರನ್ನು ನಾಲ್ಕು ದಿನ ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ. ಅದರ ಮೇಲೆ ನಿಂಬೆಹುಳಿ ಹಿಂಡಿ ನೋಡಿ, ಸಣ್ಣಗೆ ಗುಳ್ಳೆ ಏಳುತ್ತದೆ. ಆ ಗುಳ್ಳೆ ಕಾರ್ಬನ್ ಡೈಆಕ್ಸೈಡ್. ಕಾಯಿಸುವ ಮೊದಲು ಅದು ಕಾರ್ಬೊನೇಟಿನ ಕರಗುವ ರೂಪವಾದ ಬೈಕಾರ್ಬೊನೇಟ್ ಆಗಿ ನೀರಲ್ಲಿ ಕರಗಿತ್ತು. ಪಾತ್ರೆ ತಿಕ್ಕುವವರಿಗೆ ಇದು ಬರೀ ಕಾಟ. ಆದರೆ ಅದೇ ಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಾಟಿರುವುದಕ್ಕೂ (ಲೀಟರಿಗೆ 30 ಮೈಕ್ರೊಗ್ರಾಂ) ಇದಕ್ಕೂ ನಂಟಿದೆ.

ಈ ಯುರೇನಿಯಂ ಯಾರೂ ತಂದು ಸುರಿದದ್ದಲ್ಲ, ನಮ್ಮ ಗ್ರಾನೈಟಿನಲ್ಲೇ ಚೂರುಪಾರು ಇರುವಂಥದ್ದು. ಕಲ್ಲು ಸವೆದಂತೆ ಅದು ಯುರನೈಲ್ ಎಂಬ ಅಯಾನಾಗಿ (ವಿದ್ಯುತ್ ಆವೇಶ ಹೊತ್ತ ಕಣವಾಗಿ) ನೀರಿಗಿಳಿಯುತ್ತದೆ. ದಾರಿಯಲ್ಲಿ ಅದನ್ನು ಹಿಡಿದು ನಿಲ್ಲಿಸಬಲ್ಲದ್ದು ಕೆಮ್ಮಣ್ಣು. ಅದರ ಕೆಂಪು ಎಂದರೆ ಮಣ್ಣಿನ ಕಣಗಳಿಗೆ ಬಳಿದುಕೊಂಡ ಕಬ್ಬಿಣದ ಆಕ್ಸೈಡ್, ಒಂದರ್ಥದಲ್ಲಿ ತುಕ್ಕು. ಅದು ಲೋಹವನ್ನು ಮೈಗೆ ಅಂಟಿಸಿಕೊಳ್ಳುವುದನ್ನೇ ಅಧಿಶೋಷಣೆ ಎನ್ನುವುದು. ಬಟ್ಟೆ ನೀರನ್ನು ಒಳಕ್ಕೆ ಹೀರುವ ಹಾಗಲ್ಲ ಇದು. ಬೆಲ್ಲದ ಅಚ್ಚಿಗೆ ಇರುವೆ ಮುತ್ತುವ ಹಾಗೆ, ಎಲ್ಲವೂ ಮೇಲ್ಮೈಯಲ್ಲೇ. ನೀರಲ್ಲಿ ಕಾರ್ಬೊನೇಟ್ ಕಡಿಮೆಯಿದ್ದು, ಪಿಎಚ್ (ಹುಳಿ-ಕ್ಷಾರದ ಅಳತೆ, 7 ಎಂದರೆ ಎರಡೂ ಅಲ್ಲ) 6ರ ಆಸುಪಾಸಿನಲ್ಲಿದ್ದರೆ ಈ ಹಿಡಿತ ಬಲು ಬಿಗಿ.

ಯುರನೈಲಿನ ಆಕಾರ ನೋಡಬೇಕು. ನಡುವೆ ಯುರೇನಿಯಂ, ಎರಡು ತುದಿಗೆ ಒಂದೊಂದು ಆಮ್ಲಜನಕ, ನೇರವಾದ ಕಡ್ಡಿ. ತುದಿಗಳು ಯಾರಿಗೂ ಸುಲಭಕ್ಕೆ ಸಿಗುವುದಿಲ್ಲ, ಮಣ್ಣು ಹಿಡಿಯುವುದು ಸೊಂಟವನ್ನೇ. ಕಾರ್ಬೊನೇಟ್‌ಗೆ ಬೇಕಾದ ಜಾಗವೂ ಅದೇ! ಒಂದೊಂದು ಕಾರ್ಬೊನೇಟ್ ಎರಡೆರಡು ಕೈ ಚಾಚುತ್ತದೆ, ಮೂರು ಸೇರಿದರೆ ಸೊಂಟದ ಸುತ್ತ ಜಾಗವೇ ಇಲ್ಲ. ಜೊತೆಗೆ ಎರಡು ಧನ ಆವೇಶವಿದ್ದ ಯುರನೈಲ್ ಈಗ ನಾಲ್ಕು ಋಣ ಆವೇಶದ ಗುಂಪು. ಪಿಎಚ್ 8 ದಾಟಿದಂತೆ ಆಕ್ಸೈಡಿನ ಮೈಯೂ ಋಣದ ಕಡೆಗೆ ವಾಲುವುದರಿಂದ ಎರಡೂ ದೂರ ತಳ್ಳಾಡುತ್ತವೆ. ಗಡಸು ನೀರಲ್ಲಿ ಎರಡು ಕ್ಯಾಲ್ಸಿಯಂ ಬಂದು ಕೂತರೆ ಗುಂಪಿನ ಆವೇಶ ಸೊನ್ನೆಯಾಗುತ್ತದೆ, ಮಣ್ಣಿಗೆ ಎಳೆಯಲು ಹಿಡಿಯೇ ಇರುವುದಿಲ್ಲ. ಎಲ್ಲ ಲೋಹಗಳ ಕಥೆಯೂ ಹೀಗಲ್ಲ: ಸೀಸ ಕಾರ್ಬೊನೇಟ್ ಸಿಕ್ಕರೆ ಗಟ್ಟಿಯಾಗಿ ತಳಕ್ಕೆ ಕೂರುವುದೇ ಹೆಚ್ಚು.

ಇದೇ ರಸಾಯನಶಾಸ್ತ್ರವನ್ನು ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿ ಗಣಿಯವರು ಬೇಕೆಂದೇ ಬಳಸುತ್ತಾರೆ. ಅಲ್ಲಿ ಅದಿರು ಇರುವುದು ಡೊಲೊಮೈಟ್ ಎಂಬ ಕಾರ್ಬೊನೇಟ್ ಕಲ್ಲಿನಲ್ಲಿ. ಆಮ್ಲ ಹಾಕಿದರೆ ಕಲ್ಲೇ ಅದನ್ನು ತಿಂದು ಮುಗಿಸುತ್ತದೆ. ಹಾಗಾಗಿ ಬಿಸಿ, ಒತ್ತಡದ ಜೊತೆ ಸೋಡಿಯಂ ಕಾರ್ಬೊನೇಟ್ ಕೊಟ್ಟು ಯುರೇನಿಯಂ ಬಿಡಿಸುತ್ತಾರೆ. ನಮ್ಮ ಹೊಲಗಳಡಿ ಕಾರ್ಬೊನೇಟ್ ಒದಗಿಸುವವು ಬೇರುಗಳು: ಅವು ಉಸಿರಾಡುವ ಮಣ್ಣಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು, ಅದು ನೀರಲ್ಲಿ ಕರಗಿ ಬೈಕಾರ್ಬೊನೇಟ್ ಆಗುತ್ತದೆ.